ಪೊರೆ ತೆಗೆಸಿದರೆ ಮರೆವು ಹೋಗುತ್ತದೆಯೇ? ಸೋಮಾರಿ ಕಣ್ಣಿಗೆ ವಯಸ್ಸು ಮೀರುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ. ಎರಡೂ ಕಣ್ಣಿನಲ್ಲಿ ಪೊರೆ ಬೆಳೆದಿದೆ, ಶಸ್ತ್ರಚಿಕಿತ್ಸೆ ಎಂದರೆ ಮುಂದೂಡುತ್ತಲೇ ಇದ್ದಾರೆ. ಇತ್ತೀಚೆಗೆ ಮರೆವೂ ಜಾಸ್ತಿಯಾಗಿದೆ. ಪೊರೆ ತೆಗೆಸಿಕೊಂಡವರಿಗೆ ಮರೆವಿನ ಕಾಯಿಲೆ ಬರುವುದು ಕಡಿಮೆ ಎಂದು ಓದಿದೆ, ನಿಜವೇ? ಇನ್ನೊಂದು ವಿಷಯ. 9 ವರ್ಷದ ಮಗನಿಗೆ ಒಂದು ಕಣ್ಣು ಸೋಮಾರಿ ಕಣ್ಣು ಎಂದು ಈಗಷ್ಟೇ ಗೊತ್ತಾಯಿತು. ವಯಸ್ಸು ಮೀರಿದೆ ಎಂದು ಒಬ್ಬರು ಕೈಚೆಲ್ಲಿದರು. ಹೆಡ್‌ಸೆಟ್ ಹಾಕಿ ಮಿದುಳಿಗೆ ತರಬೇತಿ ಕೊಟ್ಟರೆ ಕಣ್ಣೂ ಸರಿಹೋಗುತ್ತದೆ, ಓದಿನಲ್ಲೂ ಮುಂದೆ ಬರುತ್ತಾನೆ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರನ್ನು ನಂಬಲಿ?

ಉತ್ತರ: ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಾಯಿಯ ಪೊರೆ ತೆಗೆಸಿ, ಇನ್ನು ಮುಂದೂಡಬೇಡಿ. ಆದರೆ ಕಣ್ಣು ಚೆನ್ನಾಗಿ ಕಾಣಲಿ ಎಂದು ತೆಗೆಸಿ. ಮರೆವಿಗೆ ಬೇರೆಯೇ ತಪಾಸಣೆ ಆಗಬೇಕು. ಮಗನಿಗೆ ವಯಸ್ಸು ಮೀರಿಲ್ಲ. ಹೆಡ್‌ಸೆಟ್ ಮಾತಿನಲ್ಲಿ ಅರ್ಧ ನಿಜವಿದೆ, ಓದಿನ ಬಗ್ಗೆ ಹೇಳಿದ ಉಳಿದರ್ಧವನ್ನು ನಾನು ನಂಬುವುದಿಲ್ಲ.

ಕಾರಣಕ್ಕೆ ಬರುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಗೆರೆ ಎಳೆದ ಹಾಳೆಯ ಒಂದೇ ಗೆರೆಯ ಮೇಲೆ, ಎಡಕ್ಕೊಂದು ಗುಣಾಕಾರ ಚಿಹ್ನೆ, ಅದರಿಂದ 7 ಸೆಂಟಿಮೀಟರ್ ಬಲಕ್ಕೆ ಒಂದು ದಪ್ಪ ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ದಿಟ್ಟಿಸುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 25 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಅದು ಇದ್ದ ಜಾಗದಲ್ಲಿ ಕಪ್ಪು ತೂತೇನೂ ಕಾಣಿಸುವುದಿಲ್ಲ. ಹಾಳೆಯ ಬಿಳುಪು ಹಾಗೇ ಇರುತ್ತದೆ, ಗೆರೆಯೂ ಏನೂ ಆಗದಂತೆ ಮುಂದುವರಿಯುತ್ತದೆ. ದೃಷ್ಟಿನರ ಕಣ್ಣುಗುಡ್ಡೆಯಿಂದ ಹೊರಬೀಳುವ ಜಾಗದಲ್ಲಿ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎಡ್ಮೆ ಮಾರಿಯಟ್ 1660ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದ. ಅಲ್ಲಿ ನಿಮಗೆ ಕಂಡ ಬಿಳುಪು, ಕಂಡ ಗೆರೆ ಎರಡೂ ಕಣ್ಣಿನಿಂದ ಬಂದದ್ದಲ್ಲ, ಮಿದುಳು ತುಂಬಿಕೊಂಡದ್ದು.

ಈ ತುಂಬುವ ಗುಣದಿಂದ ಆಗುವ ಅಪಾಯವೂ ದೊಡ್ಡದೇ. ಗ್ಲಾಕೋಮಾದಲ್ಲಿ ದೃಷ್ಟಿನರ ಸವೆದು ನೋಟ ಅಂಚಿನಿಂದ ಹೋಗುತ್ತಾ ಬಂದರೂ ರೋಗಿಗೆ ಗೊತ್ತಾಗುವುದಿಲ್ಲ. ಖಾಲಿಯಾದ ಜಾಗವನ್ನು ಮಿದುಳು ಸುತ್ತಲಿನ ಬಣ್ಣದಿಂದ ಮುಚ್ಚುತ್ತಾ ಹೋಗುತ್ತದೆ, ಇನ್ನೊಂದು ಕಣ್ಣು ಸಹಾಯಕ್ಕೆ ನಿಲ್ಲುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗತೊಡಗಿದಾಗಲೋ, ಮೆಟ್ಟಿಲು ತಪ್ಪಿದಾಗಲೋ ತಪಾಸಣೆಗೆ ಬರುತ್ತಾರೆ. ಅಷ್ಟರಲ್ಲಿ ಹೋದದ್ದು ಹೋಗಿರುತ್ತದೆ. ನಿಮ್ಮ ತಾಯಿಯ ಪೊರೆಯ ತಪಾಸಣೆಯಲ್ಲೇ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ನೋಡಲು ಕೇಳಿ.

ಕಣ್ಣಿಗೂ ಮಿದುಳಿಗೂ ನಂಟಿದೆ ಎನ್ನುವುದೇ ಸ್ವಲ್ಪ ಕಡಿಮೆ ಹೇಳಿದ ಹಾಗೆ. ಗರ್ಭದ ನಾಲ್ಕನೇ ವಾರದ ಹೊತ್ತಿಗೆ ಮುಂದೆ ಮಿದುಳಾಗಲಿರುವ ಭಾಗದಿಂದಲೇ ಎರಡು ಮೊಗ್ಗುಗಳು ಹೊರಚಾಚುತ್ತವೆ. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ, ಅಂದರೆ ರೆಟಿನಾ ಆಗುವುದು ಅವೇ. ಅಂದರೆ ರೆಟಿನಾ ಮಿದುಳಿನದೇ ಅಂಗಾಂಶ, ತಲೆಬುರುಡೆಯ ಹೊರಗಿದೆ ಅಷ್ಟೇ. ಅದರಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತಿರ ಹತ್ತಿರ 12 ಕೋಟಿಗೂ ಹೆಚ್ಚು. ದೃಷ್ಟಿನರದ ಎಳೆಗಳು ಮಾತ್ರ ಸುಮಾರು 10ರಿಂದ 12 ಲಕ್ಷ. ಬಂದದ್ದನ್ನೆಲ್ಲ ಹಿಂದಕ್ಕೆ ಕಳಿಸಲು ದಾರಿಯೇ ಇಲ್ಲ. ಅಂಚು ಯಾವುದು, ಚಲಿಸಿದ್ದು ಯಾವುದು, ಬಣ್ಣದ ವ್ಯತ್ಯಾಸ ಎಲ್ಲಿದೆ ಎಂಬುದನ್ನು ರೆಟಿನಾ ಅಲ್ಲೇ ಸೋಸಿ ಕಳಿಸುತ್ತದೆ. ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಪ್ರದೇಶ ಅದನ್ನು ಬಿಡಿಸಿಕೊಂಡು, ಮುಖ, ಅಕ್ಷರ, ಚಲನೆ, ದೂರ ಎಂದು ಬೇರೆ ಬೇರೆ ಭಾಗಗಳಿಗೆ ಹಂಚುತ್ತದೆ. ಈ ಭಾಗಗಳಲ್ಲಿ ಒಂದೇ ಒಂದು ಕೆಟ್ಟರೂ ವಿಚಿತ್ರ ಕುರುಡು ಉಂಟಾಗುತ್ತದೆ. 1983ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದ ಒಬ್ಬ ಮಹಿಳೆಗೆ ಬಣ್ಣ, ಆಕಾರ ಎಲ್ಲವೂ ಕಾಣುತ್ತಿತ್ತು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಲೋಟಕ್ಕೆ ಚಹಾ ಸುರಿಯುವಾಗ ಅದು ಹೆಪ್ಪುಗಟ್ಟಿ ನಿಂತಂತೆ ಕಾಣುತ್ತಿತ್ತು, ಮಟ್ಟ ಏರುವುದು ಗೊತ್ತಾಗದೆ ಚೆಲ್ಲಿಹೋಗುತ್ತಿತ್ತು. ಆಕೆಯ ಕಣ್ಣುಗಳಲ್ಲಿ ಯಾವ ದೋಷವೂ ಇರಲಿಲ್ಲ.

ಈಗ ತಾಯಿಯ ವಿಷಯ. ನೀವು ಓದಿದ್ದು ಬಹುಶಃ ಅಮೆರಿಕದ ಸಿಯಾಟಲ್‌ನಿಂದ 2021ರ ಕೊನೆಯಲ್ಲಿ ಬಂದ ಅಧ್ಯಯನ. 65 ದಾಟಿದ, ಪೊರೆ ಅಥವಾ ಗ್ಲಾಕೋಮಾ ಇದ್ದ 3,038 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಪೊರೆ ತೆಗೆಸಿಕೊಂಡವರಲ್ಲಿ ಮರೆವಿನ ಕಾಯಿಲೆಯ ಅಪಾಯ ತೆಗೆಸಿಕೊಳ್ಳದವರಿಗಿಂತ ಸುಮಾರು ಶೇ. 30ರಷ್ಟು ಕಡಿಮೆ ಇತ್ತು. ಇಂಥ ಅಂಕಿ ಕಂಡಾಗ ನನಗೆ ಮೊದಲು ಬರುವ ಅನುಮಾನ ಒಂದೇ: ಶಸ್ತ್ರಚಿಕಿತ್ಸೆಗೆ ಒಪ್ಪಿ ಬರುವವರು ಮೊದಲೇ ಗಟ್ಟಿಮುಟ್ಟಾದವರಲ್ಲವೇ? ಮರೆವು ಶುರುವಾದವರನ್ನು ಮನೆಯವರೇ ಆಸ್ಪತ್ರೆಗೆ ಕರೆತರದೆ ಇರಬಹುದು. ಸಂಶೋಧಕರಿಗೂ ಈ ಅನುಮಾನ ಇತ್ತು. ಆದ್ದರಿಂದ ಅವರು ಗ್ಲಾಕೋಮಾ ಶಸ್ತ್ರಚಿಕಿತ್ಸೆಯನ್ನೂ ಪಕ್ಕದಲ್ಲಿಟ್ಟು ನೋಡಿದರು. ಅದಕ್ಕೂ ಗಟ್ಟಿಮುಟ್ಟಾದವರೇ ಬರುತ್ತಾರೆ, ಆದರೆ ಅದು ಹೋದ ದೃಷ್ಟಿಯನ್ನು ಮರಳಿ ಕೊಡುವುದಿಲ್ಲ. ಅಲ್ಲಿ ಮರೆವಿನ ಅಪಾಯ ಕಡಿಮೆಯಾಗಲಿಲ್ಲ. ಈ ಹೋಲಿಕೆ ಇರುವುದರಿಂದಲೇ ನಾನು ಆ ಅಧ್ಯಯನವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಹಾಗೆಂದು ಇದು ಪುರಾವೆಯ ಕೊನೆಯ ಮಾತಲ್ಲ. ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿನವರ ಪೊರೆಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟು ನೋಡುವುದು ನೈತಿಕವಾಗಿ ಸಾಧ್ಯವಿಲ್ಲದ ಕೆಲಸ.

2024ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ ಮರೆವಿನ ಕಾಯಿಲೆಗೆ ಕಾರಣವಾಗುವ, ನಾವು ಬದಲಾಯಿಸಬಹುದಾದ 14 ಅಂಶಗಳ ಪಟ್ಟಿ ಕೊಟ್ಟಿತು. ಚಿಕಿತ್ಸೆ ಪಡೆಯದ ದೃಷ್ಟಿದೋಷ ಆ ಪಟ್ಟಿಗೆ ಸೇರಿದ್ದು ಆಗಲೇ. ಹದಿನಾಲ್ಕನ್ನೂ ಸರಿಪಡಿಸಿದರೆ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದಕ್ಕೆ ತಳ್ಳಬಹುದು ಎಂಬುದು ಅದರ ಅಂದಾಜು. ಅದರಲ್ಲಿ ದೃಷ್ಟಿಯ ಪಾಲು ಶೇ. 2, ಕಿವಿಯ ಪಾಲು ಶೇ. 7. ಹಾಗಾಗಿ ತಾಯಿಯ ಕಣ್ಣಿನ ಜೊತೆಗೆ ಕಿವಿ, ರಕ್ತದೊತ್ತಡ, ಸಕ್ಕರೆ ಕೂಡ ನೋಡಿಸಿ. ಪೊರೆಯೊಂದೇ ಎಲ್ಲವನ್ನೂ ಸರಿಮಾಡುತ್ತದೆ ಎಂದುಕೊಂಡರೆ ನಿರಾಸೆ ಆದೀತು.

ಪೊರೆ ತೆಗೆದರೆ ಮಿದುಳಿಗೆ ಅನುಕೂಲವಾಗುವುದು ಹೇಗಿರಬಹುದು? ಕಾಣದ ಮನುಷ್ಯ ಓದುವುದು ಬಿಡುತ್ತಾನೆ, ಹೊರಗೆ ಹೋಗುವುದು ಬಿಡುತ್ತಾನೆ, ಎದುರಿಗೆ ಬಂದವರ ಮುಖ ಗುರುತಾಗದೆ ಮಾತೂ ಕಡಿಮೆಯಾಗುತ್ತದೆ. ಇದು ಊಹೆಗೆ ನಿಲುಕುವ ದಾರಿ. ಇನ್ನೊಂದು ದಾರಿ ಅಷ್ಟು ಪರಿಚಿತವಲ್ಲ. 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ರೆಟಿನಾದಲ್ಲಿ ಹೊಸ ಬಗೆಯ ಬೆಳಕಿನ ಕೋಶಗಳನ್ನು ತೋರಿಸಿದರು. ಇವುಗಳ ಮುಖ್ಯ ಕೆಲಸ ಚಿತ್ರ ತೋರಿಸುವುದಲ್ಲ, ಈಗ ಹಗಲೋ ಇರುಳೋ ಎಂದು ಮಿದುಳಿನ ಗಡಿಯಾರಕ್ಕೆ ತಿಳಿಸುವುದು. ಅವು ಹೆಚ್ಚು ಸ್ಪಂದಿಸುವುದು ನೀಲಿ ಬೆಳಕಿಗೆ. ಹಳದಿಗಟ್ಟಿದ ಹಳೆಯ ಮಸೂರ ತಡೆದಿಡುವುದೂ ಅದನ್ನೇ. ಪೊರೆ ತೆಗೆದ ಮರುದಿನ ‘ಗೋಡೆಗೆ ಸುಣ್ಣ ಹೊಡೆಸಿದ್ದೀರಾ’ ಎಂದು ಕೇಳುವ ಹಿರಿಯರಿದ್ದಾರೆ. ಬಣ್ಣ ಅಷ್ಟು ಬದಲಾಗಿ ಕಾಣುತ್ತದೆ. ಆ ಬೆಳಕು ಒಳಗಿನ ಗಡಿಯಾರಕ್ಕೂ ತಲುಪುತ್ತದೆ. ನಿದ್ದೆಯ ಲಯ ಸುಧಾರಿಸಿದರೆ ನೆನಪಿಗೂ ಒಳ್ಳೆಯದು ಎಂಬುದು ಒಪ್ಪಬಹುದಾದ ವಾದ.

ಇಲ್ಲಿ ಮನೆಯವರಿಗೆ ಮೂರು ಎಚ್ಚರಿಕೆಗಳಿವೆ. ನೆನಪಿನ ಪರೀಕ್ಷೆಗಳಲ್ಲಿ ಚಿತ್ರ ಗುರುತಿಸುವುದು, ಗಡಿಯಾರ ಬಿಡಿಸುವುದು, ಓದಿ ಹೇಳುವುದು ಇರುತ್ತದೆ. ಪೊರೆ ಇದ್ದವರು ಕಾಣದೆ ತಪ್ಪು ಮಾಡಿದರೂ ಅದು ಮರೆವಿನ ಲೆಕ್ಕಕ್ಕೆ ಬೀಳುತ್ತದೆ. ಸರಿಯಾದ ಕನ್ನಡಕ ಹಾಕಿಸಿಯೇ ಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸೆಯ ನಂತರ ಇನ್ನೊಮ್ಮೆ ಮಾಡಿಸಿ.

ಎರಡನೆಯದು, ದೃಷ್ಟಿ ಮಂಜಾದವರಿಗೆ ಕೆಲವೊಮ್ಮೆ ಇಲ್ಲದ ಮನುಷ್ಯರು, ಪ್ರಾಣಿಗಳು, ಬಳ್ಳಿಯ ವಿನ್ಯಾಸಗಳು ಕಾಣಿಸುತ್ತವೆ. ಬರಬೇಕಾದ ಸಂಕೇತ ಬಾರದಿದ್ದಾಗ ಮಿದುಳು ತಾನೇ ಚಿತ್ರ ಹುಟ್ಟಿಸಿಕೊಳ್ಳುತ್ತದೆ. ಚಾರ್ಲ್ಸ್ ಬಾನೆ ಎಂಬ ವಿಜ್ಞಾನಿ 1760ರಲ್ಲಿ ತನ್ನ ಅಜ್ಜನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟ, ಈ ಸ್ಥಿತಿಗೆ ಅವನದೇ ಹೆಸರು. ಇದು ಬುದ್ಧಿಭ್ರಮೆ ಅಲ್ಲ. ಕಾಣುತ್ತಿರುವುದು ನಿಜವಲ್ಲ ಎಂದು ಅವರಿಗೇ ಗೊತ್ತಿರುತ್ತದೆ. ಹುಚ್ಚು ಎಂದಾರೆಂಬ ಅಂಜಿಕೆಯಲ್ಲಿ ಯಾರಿಗೂ ಹೇಳದೆ ಇರುವವರೇ ಹೆಚ್ಚು. ತಾಯಿಯನ್ನು ಒಮ್ಮೆ ಸಹಜವಾಗಿ ಕೇಳಿ ನೋಡಿ.

ಮೂರನೆಯದು ಇದರ ಉಲ್ಟಾ. ಪೊರೆ ತೆಗೆದ ಮೇಲೆ ತಪಾಸಣೆಯ ಫಲಕದಲ್ಲಿ ಒಂದೊಂದೇ ಅಕ್ಷರ ಸರಿಯಾಗಿ ಓದುತ್ತಾರೆ, ಆದರೆ ಪುಸ್ತಕದಲ್ಲಿ ಸಾಲು ತಪ್ಪುತ್ತದೆ, ಕಣ್ಣೆದುರಿಗಿರುವ ಚಮಚ ಸಿಗುವುದಿಲ್ಲ, ಕುರ್ಚಿಯ ಅಂಚು ಅಂದಾಜಾಗುವುದಿಲ್ಲ ಎಂದರೆ ಮತ್ತೆ ಮತ್ತೆ ಕನ್ನಡಕ ಬದಲಿಸುತ್ತಾ ಕೂರಬೇಡಿ. ಅಲ್ಝೈಮರ್ಸ್‌ನ ಒಂದು ಬಗೆ ನೆನಪಿಗಿಂತ ಮೊದಲು ಮಿದುಳಿನ ಹಿಂಭಾಗವನ್ನು ಹಿಡಿಯುತ್ತದೆ. ಅಂಥವರು ನರರೋಗ ತಜ್ಞರನ್ನು ತಲುಪುವ ಮೊದಲು ಎಷ್ಟೋ ಕನ್ನಡಕದ ಅಂಗಡಿ ಸುತ್ತಿರುತ್ತಾರೆ.

ಕಣ್ಣಿನ ಫೋಟೊ ತೆಗೆದು ಮರೆವಿನ ಕಾಯಿಲೆಯನ್ನು ಮೊದಲೇ ಹೇಳುತ್ತೇವೆ ಎಂಬ ಜಾಹೀರಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. 1991ರಲ್ಲಿ ಬಂದ ಒಸಿಟಿ ಸ್ಕ್ಯಾನ್ ರೆಟಿನಾದ ಪದರಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಅಲ್ಝೈಮರ್ಸ್, ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರ ಗುಂಪಿನಲ್ಲಿ ನರದ ಪದರ ತೆಳುವಾಗಿರುವುದೂ ನಿಜ. ಆದರೆ ಗ್ಲಾಕೋಮಾದಲ್ಲೂ, ಹೆಚ್ಚಿನ ಮೈನಸ್ ನಂಬರ್ ಇದ್ದವರಲ್ಲೂ, ವಯಸ್ಸಾದ ಹಾಗೆ ಎಲ್ಲರಲ್ಲೂ ಅದು ತೆಳುವಾಗುತ್ತದೆ. ಗುಂಪಿನ ಸರಾಸರಿಯಿಂದ ನಿಮ್ಮ ತಾಯಿಯೊಬ್ಬರ ಭವಿಷ್ಯ ಹೇಳಲಾಗದು. ಅದಕ್ಕಾಗಿ ಹಣ ಕಟ್ಟಬೇಡಿ.

ಮಗನ ವಿಷಯಕ್ಕೆ ಬರುವ ಮುನ್ನ, ಈ ಕ್ಷೇತ್ರದ ಹೊಸ ಸಂಗತಿಗಳನ್ನೆಲ್ಲ ನಾನು ನೋಡುವ ಬಗೆಯನ್ನು ಹೇಳಬೇಕು. ಕಣ್ಣನ್ನು ಸರಿಪಡಿಸುವುದು ಅರ್ಧ ಚಿಕಿತ್ಸೆ. ಬಂದ ಸಂಕೇತವನ್ನು ನೋಟವಾಗಿಸಿಕೊಳ್ಳಲು ಮಿದುಳಿಗೆ ಕಾಲ ಬೇಕು, ಅಭ್ಯಾಸ ಬೇಕು. ನಾವು ಹೆಚ್ಚು ಅಲಕ್ಷಿಸುವುದು ಈ ಎರಡನೇ ಅರ್ಧವನ್ನೇ.

ವಿಲಿಯಂ ಮಾಲಿನೋ 1688ರಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಬರೆದು ಕಳಿಸಿದ್ದ. ಹುಟ್ಟುಕುರುಡನಿಗೆ ಗೋಳ ಯಾವುದು, ಘನ ಯಾವುದು ಎಂದು ಮುಟ್ಟಿ ಗೊತ್ತು. ಅವನಿಗೆ ಇದ್ದಕ್ಕಿದ್ದಂತೆ ದೃಷ್ಟಿ ಬಂದರೆ, ಮುಟ್ಟದೆ ನೋಡಿಯೇ ಹೇಳಬಲ್ಲನೇ? ಮುನ್ನೂರು ವರ್ಷ ವಾದವೇ ನಡೆಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಭಾರತದಲ್ಲಿ ಆರಂಭಿಸಿದ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಪೊರೆ ಇದ್ದು ಚಿಕಿತ್ಸೆ ಸಿಗದೆ ಬೆಳೆದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಅವರಲ್ಲಿ 8ರಿಂದ 17 ವರ್ಷದ ಐವರನ್ನು ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕಣ್ಣಿನಿಂದ ಕಂಡ ಎರಡು ಆಕಾರಗಳನ್ನು ಅವರು ಬೇರೆ ಬೇರೆ ಎಂದು ಗುರುತಿಸುತ್ತಿದ್ದರು. ಆದರೆ ಕೈಯಲ್ಲಿ ಮುಟ್ಟಿದ್ದು ಇದರಲ್ಲಿ ಯಾವುದು ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಊಹೆಯ ಮಟ್ಟದಲ್ಲೇ ಇತ್ತು. ಕೆಲವೇ ದಿನಗಳ ನಂತರ ಮತ್ತೆ ಪರೀಕ್ಷಿಸಿದಾಗ ಚೆನ್ನಾಗಿ ಹೇಳತೊಡಗಿದ್ದರು, ಯಾರೂ ಅವರಿಗೆ ಕಲಿಸಿರಲಿಲ್ಲ. ಎಂಟು, ಹತ್ತು, ಹದಿನೇಳು ವರ್ಷಕ್ಕೂ ಮಿದುಳು ನೋಡಲು ಕಲಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಅಷ್ಟು ತಡವಾಗಿ ಬಂದ ದೃಷ್ಟಿ ಉಳಿದವರಷ್ಟು ಚೂಪಾಗಿ ಇರುವುದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಹೊಸ ಸಾಧನಗಳ ಕತೆಯೂ ಇದೇ. ರೆಟಿನಾದ ನಡುಭಾಗ ಸವೆದುಹೋದ ಹಿರಿಯರಿಗೆ ರೆಟಿನಾದ ಕೆಳಗೆ 2 ಮಿಲಿಮೀಟರ್ ಅಗಲದ ಚಿಪ್ ಕೂರಿಸಿ, ಕ್ಯಾಮೆರಾ ಇರುವ ಕನ್ನಡಕದಿಂದ ಅದಕ್ಕೆ ಚಿತ್ರ ಕಳಿಸುವ ಪ್ರೈಮಾ ಎಂಬ ವ್ಯವಸ್ಥೆಯ ಫಲಿತಾಂಶ 2025ರಲ್ಲಿ ಬಂತು. ಒಂದು ವರ್ಷ ಪೂರೈಸಿದ 32 ಜನರಲ್ಲಿ 26 ಜನರ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತ್ತು. ಸುದ್ದಿಯಲ್ಲಿ ಚಿಪ್ ಮಿಂಚಿತು, ತಿಂಗಳುಗಟ್ಟಲೆ ನಡೆದ ತರಬೇತಿಯ ಬಗ್ಗೆ ಹೆಚ್ಚು ಮಾತಿರಲಿಲ್ಲ. 2021ರಲ್ಲಿ ವರದಿಯಾದ ಆಪ್ಟೊಜೆನೆಟಿಕ್ಸ್ ಚಿಕಿತ್ಸೆಯಲ್ಲಿ, ವರ್ಷಗಟ್ಟಲೆ ಕುರುಡಾಗಿದ್ದ 58 ವರ್ಷದ ವ್ಯಕ್ತಿಯ ರೆಟಿನಾದ ಕೋಶಗಳಿಗೆ ಜೀನ್ ಸೇರಿಸಿ ಬೆಳಕಿಗೆ ಸ್ಪಂದಿಸುವಂತೆ ಮಾಡಲಾಯಿತು. ವಿಶೇಷ ಕನ್ನಡಕ ಹಾಕಿ ತರಬೇತಿ ಶುರುವಾಗಿ ಸುಮಾರು 7 ತಿಂಗಳ ನಂತರ ಅವರಿಗೆ ಬದಲಾವಣೆ ಅರಿವಿಗೆ ಬಂತು. ರಸ್ತೆ ದಾಟುವಲ್ಲಿರುವ ಬಿಳಿ ಪಟ್ಟಿಗಳನ್ನು ಗುರುತಿಸುತ್ತಿದ್ದರು.

ಕಣ್ಣಿನಿಂದ ಏನೂ ಬಾರದಿದ್ದರೆ ಮಿದುಳಿನ ಆ ಜಾಗ ಸುಮ್ಮನೆ ಖಾಲಿ ಇರುತ್ತದೆಯೇ ಎಂದರೆ ಅದೂ ಇಲ್ಲ. ಹುಟ್ಟುಕುರುಡರು ಬ್ರೈಲ್ ಓದುವಾಗ ದೃಷ್ಟಿ ಪ್ರದೇಶ ಚುರುಕಾಗುತ್ತದೆ. ಹಾಗೆ ಬ್ರೈಲ್ ಓದುತ್ತಿದ್ದ ಒಬ್ಬ ಮಹಿಳೆಗೆ ಪಾರ್ಶ್ವವಾಯು ಬಡಿದು ತಲೆಯ ಹಿಂಭಾಗದ ಆ ಪ್ರದೇಶ ಎರಡೂ ಕಡೆ ಹಾಳಾಯಿತು. ಬೆರಳ ಸ್ಪರ್ಶ ಚೆನ್ನಾಗಿಯೇ ಇತ್ತು, ಬ್ರೈಲ್ ಓದಲು ಮಾತ್ರ ಆಗಲಿಲ್ಲ. ಬಳಸದ ಜಾಗವನ್ನು ಮಿದುಳು ಬೇರೆಯದಕ್ಕೆ ಕೊಟ್ಟುಬಿಡುತ್ತದೆ.

ಸೋಮಾರಿ ಕಣ್ಣಿನಲ್ಲಿ ಆಗುವುದು ಇದರದೇ ಸೌಮ್ಯ ರೂಪ. ಒಂದು ಕಣ್ಣಿನ ನಂಬರ್ ಹೆಚ್ಚಿರುವುದರಿಂದಲೋ ಮೆಳ್ಳೆಯಿಂದಲೋ ಆ ಕಣ್ಣಿನ ಚಿತ್ರ ಮಂಜಾಗಿ ಬರುತ್ತದೆ, ಮಿದುಳು ಅದನ್ನು ಕಡೆಗಣಿಸಲು ಕಲಿಯುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿಟ್ಟು ಇದನ್ನು ತೋರಿಸಿದರು. ಎಳವೆಯಲ್ಲಿ ಮುಚ್ಚಿಟ್ಟ ಕಣ್ಣು ತೆರೆದ ಮೇಲೂ ಮಿದುಳಿನ ಕೋಶಗಳು ಅದಕ್ಕೆ ಉತ್ತರಿಸಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ‘ವಯಸ್ಸು ಮೀರಿದರೆ ಮುಗಿಯಿತು’ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಆದರೆ ಮನುಷ್ಯನ ಮಕ್ಕಳಲ್ಲಿ ಆ ಬಾಗಿಲು ಒಂದೇ ದಿನ ಮುಚ್ಚುವುದಿಲ್ಲ. ಅಮೆರಿಕದ ಮಕ್ಕಳ ಕಣ್ಣಿನ ಸಂಶೋಧನಾ ಜಾಲವೊಂದು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 7ರಿಂದ 12 ವರ್ಷದವರಲ್ಲಿ ಕನ್ನಡಕದ ಜೊತೆ ಒಳ್ಳೆಯ ಕಣ್ಣನ್ನು ಮುಚ್ಚುವ ಪಟ್ಟಿ ಮತ್ತು ಅದನ್ನು ಮಂಜಾಗಿಸುವ ಅಟ್ರೋಪಿನ್ ಹನಿ ಬಳಸಿದಾಗ ಶೇ. 53 ಮಕ್ಕಳಿಗೆ ಫಲಕದಲ್ಲಿ ಎರಡು ಸಾಲಿನಷ್ಟಾದರೂ ಸುಧಾರಣೆ ಕಂಡಿತು. ಕನ್ನಡಕ ಮಾತ್ರ ಹಾಕಿದವರಲ್ಲಿ ಅದು ಶೇ. 25. ನಿಮ್ಮ ಮಗನ 9 ವರ್ಷ ಈ ಗುಂಪಿನ ನಡುವೆಯೇ ಬರುತ್ತದೆ.

ಮೊದಲ ಹೆಜ್ಜೆ ಹೆಡ್‌ಸೆಟ್ ಅಲ್ಲ, ಪಟ್ಟಿಯೂ ಅಲ್ಲ. ಹನಿ ಹಾಕಿ ಪಾಪೆ ಹಿಗ್ಗಿಸಿ ಅಳೆದ ಸರಿಯಾದ ಕನ್ನಡಕ. ಅದನ್ನು ಮೂರು ನಾಲ್ಕು ತಿಂಗಳು ಎದ್ದಾಗಿನಿಂದ ಮಲಗುವ ತನಕ ಹಾಕಲಿ. ಸಣ್ಣ ಮಕ್ಕಳಲ್ಲಿ ಕಾಲು ಭಾಗದಷ್ಟು ಜನರಿಗೆ ಇಷ್ಟರಿಂದಲೇ ಪೂರ್ತಿ ಗುಣವಾಗಿದ್ದುಂಟು. ಸುಧಾರಣೆ ನಿಂತ ಮೇಲೆ ಒಳ್ಳೆಯ ಕಣ್ಣಿಗೆ ಪಟ್ಟಿ. ಮಧ್ಯಮ ಮಟ್ಟದ ಸೋಮಾರಿ ಕಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿ ಹಾಕಿದರೂ 6 ಗಂಟೆ ಹಾಕಿದಷ್ಟೇ ಫಲ ಸಿಕ್ಕಿದ್ದು 2003ರ ಪ್ರಯೋಗದಲ್ಲಿ ಗೊತ್ತಾಯಿತು. ಇಡೀ ದಿನ ಕಣ್ಣು ಕಟ್ಟಿ ಶಾಲೆಗೆ ಕಳಿಸಿ ಮಗುವನ್ನು ಅಳಿಸುವ ಅಗತ್ಯ ಎಲ್ಲರಿಗೂ ಇಲ್ಲ.

ಹೆಡ್‌ಸೆಟ್ ಚಿಕಿತ್ಸೆಯ ಹಿಂದಿನ ಯೋಚನೆ ನನಗೆ ಇಷ್ಟವಾಗುತ್ತದೆ. ಒಳ್ಳೆಯ ಕಣ್ಣಿಗೆ ಚಿತ್ರವನ್ನು ಮಸುಕು ಮಾಡಿ, ಸೋಮಾರಿ ಕಣ್ಣಿಗೆ ಸ್ಪಷ್ಟವಾಗಿ ತೋರಿಸಿ, ಎರಡೂ ಸೇರಿದರೆ ಮಾತ್ರ ಪೂರ್ತಿ ದೃಶ್ಯ ಕಾಣುವಂತೆ ಮಾಡುತ್ತಾರೆ. ಪಟ್ಟಿ ಒಂದು ಕಣ್ಣನ್ನು ದುಡಿಸುತ್ತದೆ, ಇದು ಎರಡು ಕಣ್ಣುಗಳ ಸಹಕಾರವನ್ನೇ ಗುರಿಯಾಗಿಸುತ್ತದೆ. ಲುಮಿನೋಪಿಯಾ ಎಂಬ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಮೊದಲು ಅನುಮತಿ ಕೊಟ್ಟಿದ್ದು 4ರಿಂದ 7 ವರ್ಷದ ಮಕ್ಕಳಿಗೆ. ದಿನಕ್ಕೊಂದು ಗಂಟೆಯಂತೆ ವಾರಕ್ಕೆ 6 ದಿನ, 12 ವಾರ ನೋಡಿದವರಿಗೆ ಸರಾಸರಿ 1.8 ಸಾಲು, ಬರೀ ಕನ್ನಡಕದವರಿಗೆ 0.8 ಸಾಲು ಸುಧಾರಣೆ ಆಗಿತ್ತು. ಹೋಲಿಕೆ ಕನ್ನಡಕದ ಜೊತೆಗೆ, ಪಟ್ಟಿಯ ಜೊತೆಗಲ್ಲ ಎಂಬುದನ್ನು ಗಮನಿಸಿ. ಇದೇ ತತ್ವದ ಟ್ಯಾಬ್ಲೆಟ್ ಆಟವೊಂದನ್ನು 2016ರಲ್ಲಿ ಪಟ್ಟಿಯ ಎದುರು ಪರೀಕ್ಷಿಸಿದಾಗ ಅದು ಪಟ್ಟಿಗಿಂತ ಮೇಲೆಂದು ತೋರಲಿಲ್ಲ. ಮಕ್ಕಳಿಗೆ ಆಟ ಬೇಸರ ಬಂದು ಹೆಚ್ಚಿನವರು ಹೇಳಿದಷ್ಟು ಹೊತ್ತು ಆಡಲೇ ಇಲ್ಲ. ಪಟ್ಟಿ ಹಾಕಲು ನಿಮ್ಮ ಮಗ ಸುತರಾಂ ಒಪ್ಪದಿದ್ದರೆ ಹೆಡ್‌ಸೆಟ್ ಯೋಚಿಸಬಹುದು. ಪಟ್ಟಿಗೆ ಒಪ್ಪಿದರೆ ಅಷ್ಟು ಖರ್ಚು ಮಾಡುವ ಕಾರಣ ನನಗೆ ಕಾಣುವುದಿಲ್ಲ.

ಓದಿನ ಮಾತು ಬೇರೆ. ಓದು ಕಲಿಯುವುದೇ ಕಷ್ಟವಾಗುವ ಡಿಸ್‌ಲೆಕ್ಸಿಯಾ ಮುಖ್ಯವಾಗಿ ಧ್ವನಿಯನ್ನು ಅಕ್ಷರಕ್ಕೆ ಜೋಡಿಸುವ ಮಿದುಳಿನ ಭಾಷಾ ಕೆಲಸಕ್ಕೆ ಸಂಬಂಧಪಟ್ಟದ್ದು, ಕಣ್ಣಿನ ವ್ಯಾಯಾಮ ಅದನ್ನು ಸರಿಪಡಿಸುವುದಿಲ್ಲ. ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣು ಸರಿಯಾಗಿ ಒಳಕ್ಕೆ ತಿರುಗದ ತೊಂದರೆಗೆ ಮಾತ್ರ ತಜ್ಞರ ಎದುರು ಮಾಡುವ ವ್ಯಾಯಾಮ ನಿಜಕ್ಕೂ ಕೆಲಸ ಮಾಡುತ್ತದೆ. 2008ರ ಪ್ರಯೋಗದಲ್ಲಿ ಅದು ಗೆದ್ದಿತು. ಅದೇ ಚಿಕಿತ್ಸೆಯಿಂದ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚುತ್ತದೆಯೇ ಎಂದು 2019ರಲ್ಲಿ ನೋಡಿದಾಗ, ಹುಸಿ ವ್ಯಾಯಾಮ ಮಾಡಿದವರಿಗಿಂತ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಓದಿನಲ್ಲಿ ಹಿಂದಿದ್ದರೆ ಓದು ಕಲಿಸುವ ತಜ್ಞರ ಬಳಿ ಕರೆದೊಯ್ಯಿರಿ. ಅಂದಹಾಗೆ ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ಜೊತೆಗೆ ಮಾರಲು ಬಂದರೆ ಬೇಡ ಎನ್ನಿ, ಪರದೆ ನೋಡಿ ಕಣ್ಣು ದಣಿಯುವುದನ್ನು ಅದು ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕೊಕ್ರೇನ್ ವಿಮರ್ಶೆ ಹೇಳಿದೆ.

ಕೊನೆಗೆ ಎರಡು ಕೆಲಸದ ಮಾತು. ತಾಯಿಗೆ ಒಂದು ಕಣ್ಣು ಮುಗಿದ ಮೇಲೆ ಇನ್ನೊಂದನ್ನು ತಿಂಗಳುಗಟ್ಟಲೆ ಬಿಡಬೇಡಿ. ಒಂದು ಸ್ಪಷ್ಟ, ಒಂದು ಮಂಜು ಇದ್ದಾಗ ಆಳದ ಅಂದಾಜು ತಪ್ಪಿ ಮೆಟ್ಟಿಲಲ್ಲಿ ಬೀಳುವ ಭಯವಿದೆ. ಎರಡೂ ಆದ ಮೇಲೆ ಮೊದಲ ಕೆಲವು ವಾರ ಬೆಳಕು ಚುಚ್ಚುತ್ತದೆ, ನೆಲ ಹತ್ತಿರ ಬಂದಂತೆ ಕಾಣುತ್ತದೆ ಎಂದರೆ ಅದು ಹೆಚ್ಚಾಗಿ ಮಿದುಳು ಹೊಂದಿಕೊಳ್ಳುತ್ತಿರುವುದು. ಆದರೆ ನೋವು, ಕೆಂಪು, ದೃಷ್ಟಿ ಕುಸಿತ, ಪರದೆ ಇಳಿದಂತೆ ಕಾಣುವುದು, ಇದ್ದಕ್ಕಿದ್ದಂತೆ ಎರಡೆರಡು ಕಾಣುವುದು, ಒಂದು ಬದಿಯ ನೋಟ ಪೂರ್ತಿ ಹೋಗುವುದು, ಇವುಗಳಲ್ಲಿ ಯಾವುದೇ ಆದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಕೊನೆಯ ಎರಡು ಪಾರ್ಶ್ವವಾಯುವಿನ ಲಕ್ಷಣಗಳಾಗಿರಬಹುದು. ಮಗನಿಗೆ ಪಟ್ಟಿ ಶುರುವಾದ ಮೇಲೆ ಪ್ರತಿ ಭೇಟಿಯಲ್ಲೂ ಒಳ್ಳೆಯ ಕಣ್ಣಿನ ದೃಷ್ಟಿಯನ್ನೂ ಅಳೆಯಲು ಹೇಳಿ, ಹೆಚ್ಚು ಮುಚ್ಚಿದರೆ ಅದೂ ಮಂಜಾಗಬಹುದು. ಗುಣವಾಯಿತೆಂದು ಪಟ್ಟಿಯನ್ನು ಒಮ್ಮೆಲೇ ಕಿತ್ತೆಸೆಯಬೇಡಿ. ನಿಲ್ಲಿಸಿದ ಒಂದು ವರ್ಷದೊಳಗೆ ನಾಲ್ವರಲ್ಲಿ ಒಬ್ಬರಿಗೆ ದೃಷ್ಟಿ ಮತ್ತೆ ಹಿಂದೆ ಸರಿಯುತ್ತದೆ, ಅದರಲ್ಲೂ ಹೆಚ್ಚು ಗಂಟೆ ಹಾಕುತ್ತಿದ್ದವರು ಥಟ್ಟನೆ ಬಿಟ್ಟರೆ. ಗಂಟೆಗಳನ್ನು ಹಂತಹಂತವಾಗಿ ಇಳಿಸಿ, ನಿಲ್ಲಿಸಿದ ಮೇಲೂ ಒಂದು ವರ್ಷ ತಪಾಸಣೆ ಬಿಡಬೇಡಿ.